ಮಗುವಿನ ಮಾಸನ್ನು ತೋಟದಲ್ಲಿ ಹೂಳಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಹೆರಿಗೆ. ಮಾಸನ್ನು ತೋಟದಲ್ಲೇ ಹೂಳಬೇಕು ಅಂತ ಅತ್ತೆಯವರ ಆಸೆ. ಆಸ್ಪತ್ರೆಯವರು ಕೊಡ್ತಾರಾ? ಎಷ್ಟು ಆಳ ತೋಡಬೇಕು?

ಉತ್ತರ 1: ಮೊದಲೇ ವೈದ್ಯರನ್ನು ಕೇಳಿಡಿ. ಇಲ್ಲದಿದ್ದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಹಾಕಿ ಸುಡಲು ಕಳಿಸಿಬಿಡ್ತಾರೆ. ಸೋಂಕಿದ್ದರೆ ಒತ್ತಾಯ ಬೇಡ. ತೂಕ ಸುಮಾರು ಅರ್ಧ ಕೆಜಿ. ಬಿಗಿ ಮುಚ್ಚಳದ ಡಬ್ಬಿ, ಸುತ್ತ ಐಸ್, ಅದೇ ದಿನ ಹೂಳಿ.

ಉತ್ತರ 2: ಮೂರಡಿ ಆಳ ಇರಲಿ, ಬಾವಿಯಿಂದ ದೂರ. ಒಂದಡಿಗೇ ನಿಲ್ಲಿಸಿದರೆ ರಕ್ತದ ವಾಸನೆಗೆ ನಾಯಿ ಬಂದು ಕೆದರುತ್ತೆ. ಮೇಲೊಂದು ಚಪ್ಪಡಿ ಎಳೆದುಬಿಡಿ. ಪ್ಲಾಸ್ಟಿಕ್ ಕವರ್ ಸಮೇತ ಹೂಳಬೇಡಿ, ಮಣ್ಣು ತಾಗದೆ ಸರಿಯಾಗಿ ಕೊಳೆಯಲ್ಲ. ಪರೀಕ್ಷೆಗೆಂದು ಕೆಡದಂತೆ ಇಡುವ ವಿಷಕಾರಿ ರಾಸಾಯನಿಕ ಫಾರ್ಮಲಿನ್‌ನಲ್ಲಿ ಹಾಕಿದ್ದರೆ ಹೂಳುವ ಯೋಚನೆಯನ್ನೇ ಬಿಡಿ.

ಉತ್ತರ 3: ಬಾಣಂತಿ ನುಂಗಲಿ ಅಂತ ಮಾಸನ್ನು ಒಣಗಿಸಿ ಮಾತ್ರೆ ಮಾಡಿಕೊಡ್ತೀವಿ ಅನ್ನುವವರ ಮಾತಿಗೆ ದಯವಿಟ್ಟು ಹೋಗಬೇಡಿ. ಅಮೆರಿಕದ ಓರೆಗಾನ್‌ನಲ್ಲಿ ಬಾಣಂತಿ ನುಂಗುತ್ತಿದ್ದ ಅಂಥ ಮಾತ್ರೆಯಲ್ಲೂ ಕಾಯಿಲೆ ಬಿದ್ದ ಮಗುವಿನ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು 2017ರಲ್ಲಿ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರದಿ ಮಾಡಿದೆ.