“ಇದು ಅಭಿಪ್ರಾಯ, ವಾದ ಎಲ್ಲಿ?”

ಕೇಳಿದ್ದು: ಪದವಿ ಮೊದಲ ವರ್ಷ. ನೀತಿಶಾಸ್ತ್ರವನ್ನು ದಯಾಮರಣ, ಮರಣದಂಡನೆ, ಬಡತನ ಇಂಥ ಇವತ್ತಿನ ವಿಷಯಗಳನ್ನೇ ಹಿಡಿದು ಕಲಿಸ್ತಿದ್ದಾರೆ. ತರಗತಿಯಲ್ಲಿ ಚರ್ಚೆ ಜೋರು. ಪ್ರಬಂಧ ಬರೆದರೆ ಮಾತ್ರ “ಇದು ಅಭಿಪ್ರಾಯ, ವಾದ ಎಲ್ಲಿ?” ಅಂತ ಷರಾ ಬರುತ್ತೆ. ಓದಿದವರು ದಾರಿ ಹೇಳಿ.

ಒಬ್ಬರು: ನನಗೂ ಇದೇ ಷರಾ ಬಂದಿತ್ತು, ದಯಾಮರಣದ ಪ್ರಬಂಧಕ್ಕೆ. ಚಿಕಿತ್ಸೆ ನಿಲ್ಲಿಸಿ ಸಾಯಲು ಬಿಡುವುದು ಸರಿ, ಮದ್ದು ಕೊಟ್ಟು ಸಾಯಿಸುವುದು ತಪ್ಪು ಅಂತ ಬರೆದಿದ್ದೆ. ಕಾರಣ? ಎರಡನೆಯದು ಕೊಲ್ಲುವುದು, ಅಷ್ಟೇ. ಮೇಷ್ಟ್ರು ಅಮೆರಿಕದ ತತ್ವಜ್ಞಾನಿ ಜೇಮ್ಸ್ ರೇಚಲ್ಸ್ 1975ರಲ್ಲಿ ಬರೆದ ಪುಟ್ಟ ಲೇಖನ ಕೊಟ್ಟರು. ಅದರಲ್ಲಿ ಆಸ್ತಿಯ ಆಸೆಗೆ ಒಬ್ಬ, ಸ್ನಾನ ಮಾಡುತ್ತಿದ್ದ ದಾಯಾದಿ ಹುಡುಗನನ್ನು ನೀರಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಅದಕ್ಕೆಂದೇ ಒಳಗೆ ಹೋಗುತ್ತಾನೆ, ಅಷ್ಟರಲ್ಲಿ ಹುಡುಗ ತಾನೇ ಜಾರಿ ತಲೆಗೆ ಪೆಟ್ಟಾಗಿ ಮುಳುಗುತ್ತಾನೆ. ಇವನು ನಿಂತು ನೋಡುತ್ತಾನೆ. ಕೈ ಹಚ್ಚಲಿಲ್ಲ ಅಂತ ಇವನು ಮೇಲೇ?

ಹೌದು ಅನ್ನಲಾಗಲಿಲ್ಲ. ನನ್ನ ನಿಲುವು ಬಿದ್ದಿರಲಿಲ್ಲ, ಅದಕ್ಕೆ ಕೊಟ್ಟ ಕಾರಣ ಬಿದ್ದಿತ್ತು. ಇವೆರಡೂ ಬೇರೆ ಅಂತ ಅವತ್ತೇ ತಿಳಿದದ್ದು. ಬೇರೆ ಕಾರಣ ಹುಡುಕಿದೆ: ವೈದ್ಯರ ಉದ್ದೇಶ, ರೋಗಿಯ ಒಪ್ಪಿಗೆ, ದುರುಪಯೋಗದ ಭಯ. ಒಂದೊಂದನ್ನೂ ಇನ್ನೊಂದು ಸನ್ನಿವೇಶಕ್ಕೆ ಒಯ್ದು, ಅಲ್ಲೂ ನಿಲ್ಲುತ್ತದಾ ನೋಡಿದೆ. ವಾದ ಅಂದರೆ ಈ ಕೆಲಸವೇ ಅಂತ ನನ್ನ ನಂಬಿಕೆ. ಹತ್ತು ವಿಷಯ ಮುಟ್ಟುವುದಕ್ಕಿಂತ ಒಂದರಲ್ಲಿ ಹೀಗೆ ಮುಳುಗಿ.

ಇನ್ನೊಬ್ಬರು: ಕಾಂಟ್, ಮಿಲ್ ಥರದ ಹಳೆಯ ತತ್ವಜ್ಞಾನಿಗಳ ಸಿದ್ಧಾಂತ ಬಾಯಿಪಾಠ ಮಾಡಿ ಸಮಸ್ಯೆಯ ಮೇಲೆ ಅಂಟಿಸಬೇಡಿ. ನಾನು ಒಂದು ವರ್ಷ ಅದನ್ನೇ ಮಾಡಿದೆ, ಕೈಗೆ ಏನೂ ಹತ್ತಲಿಲ್ಲ. ಹತ್ತಿದ್ದು ತತ್ವಜ್ಞಾನಿ ಪೀಟರ್ ಸಿಂಗರ್, ಪೂರ್ವ ಬಂಗಾಳದ (ಈಗಿನ ಬಾಂಗ್ಲಾದೇಶ) ನಿರಾಶ್ರಿತರನ್ನು ಕಣ್ಣ ಮುಂದಿಟ್ಟುಕೊಂಡು ಬರೆದು 1972ರಲ್ಲಿ ಪ್ರಕಟಿಸಿದ ಲೇಖನ ಓದಿದಾಗ. ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾದರೂ ಇಳಿಯುತ್ತೇವೆ. ದೂರದಲ್ಲಿ ಹಸಿವಿನಿಂದ ಸಾಯುವವರ ವಿಷಯದಲ್ಲಿ ದೂರ ಒಂದು ನೆಪ ಆಗಬಹುದಾ ಅಂತ ಕೇಳುತ್ತಾರೆ. ಓದಿ ಸಿಟ್ಟು ಬಂತು. ಯಾವ ವಾಕ್ಯದ ಮೇಲೆ ಸಿಟ್ಟು ಅಂತ ಹುಡುಕಿ ಗೆರೆ ಎಳೆದೆ. ಪ್ರಬಂಧ ಆ ಗೆರೆಯಿಂದ ಶುರುವಾಯಿತು.

ಮತ್ತೊಬ್ಬರು: ಮರಣದಂಡನೆಯಲ್ಲಿ ಎರಡು ಪ್ರಶ್ನೆ ಕಲಸಿಹೋಗುತ್ತವೆ. ಅದರಿಂದ ಕೊಲೆ ಕಡಿಮೆಯಾಗುತ್ತದಾ ಅನ್ನುವುದು ಲೋಕವನ್ನು ನೋಡಿ ಹೇಳಬೇಕಾದ್ದು. ಈವರೆಗಿನ ಅಧ್ಯಯನಗಳಿಂದ ಹೌದು ಅಂತಲೂ ಇಲ್ಲ ಅಂತಲೂ ಹೇಳಲಾಗದು ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೇ 2012ರಲ್ಲಿ ಹೇಳಿತು. ಕಡಿಮೆಯಾದರೂ ಕೊಡುವುದು ಸರಿಯಾ ಅನ್ನುವುದು ನೀತಿಯ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ.

ಇನ್ನೊಂದು. ದಯಾಮರಣದ ಚರ್ಚೆ ಕಾವೇರಿದಾಗ ನಮ್ಮ ತರಗತಿಯ ಹುಡುಗಿ ಎದ್ದು ಹೊರಗೆ ಹೋದಳು. ಅವಳ ಅಪ್ಪ ಆಗ ವೆಂಟಿಲೇಟರ್ ಮೇಲಿದ್ದರು, ನಮಗ್ಯಾರಿಗೂ ಗೊತ್ತಿರಲಿಲ್ಲ. ವಾರದ ಮೇಲೆ ಬಂದು ಅವಳೇ ಮಾತಾಡಿದಳು. ಮನೆಯವರು ಹೇಗೆ ನಿರ್ಧರಿಸುತ್ತಾರೆ, ಯಾರ ಮಾತು ನಡೆಯುತ್ತದೆ, ಅಪ್ಪನಿಗೇ ಏನು ಬೇಕಿತ್ತು ಅಂತ ಹೇಗೆ ತಿಳಿಯುವುದು. ನಮ್ಮ ಓದಿನಲ್ಲಿ ಈ ಕೊನೆಯ ಪ್ರಶ್ನೆ ಬಂದೇ ಇರಲಿಲ್ಲ.

ಕೇಳಿದವರು: ಹಳೆಯ ಪ್ರಬಂಧ ತೆಗೆದು ನೋಡಿದೆ. ಮೂರು ಪುಟದಲ್ಲಿ “ಏಕೆಂದರೆ” ಒಂದೇ ಒಂದು ಸಲ ಬಂದಿದೆ. ಅಲ್ಲಿಂದ ಮತ್ತೆ ಬರೆಯುತ್ತಿದ್ದೇನೆ.