ತಣ್ಣೀರು ಕುಡಿದರೆ ಹಲ್ಲು ಜುಂ ಆಗ್ತದೆ, ಅನುಭವ ಇದ್ದವರು ಹೇಳಿ

ಕುಂಜಿಬೆಟ್ಟು, ಉಡುಪಿ:
ಬೇಸಗೆ ಶುರುವಾದಾಗಿನಿಂದ ಎಡಬದಿಯ ಹಲ್ಲು ಜುಂ ಅನ್ಲಿಕ್ಕೆ ಶುರುವಾಗಿದೆ. ತಣ್ಣೀರು, ಐಸ್‌ಕ್ರೀಂ, ಪುನರ್ಪುಳಿ ಶರಬತ್ತು, ಯಾವುದೂ ಆಗುದಿಲ್ಲ. ಹುಳುಕು ಕಾಣುದಿಲ್ಲ. ಜಾಹೀರಾತಿನಲ್ಲಿ ಬರುವ ಪೇಸ್ಟ್ ತಂದು ಒಂದು ವಾರ ಉಜ್ಜಿದೆ, ಎಂತದೂ ಕಡಿಮೆ ಆಗಲಿಲ್ಲ. ಲವಂಗದ ಎಣ್ಣೆ ಹಚ್ಚು ಅಂತಾರೆ ಅಮ್ಮ. ರೂಟ್ ಕೆನಾಲ್‌ವರೆಗೆ ಹೋಗ್ತದಾ ಅಂತ ಹೆದರಿಕೆ. ಯಾರಿಗಾದರೂ ಹೀಗೆ ಆಗಿ ಗುಣ ಆದದ್ದು ಉಂಟಾ?

ಸುರತ್ಕಲ್‌ನಿಂದ:
ನಮ್ಮ ತಂದೆಯವರಿಗೆ ಇದೇ ತೊಂದರೆ ಇತ್ತು ಅಕ್ಕ. ಭತ್ತದ ಉಮಿ ಸುಟ್ಟ ಮಸಿಗೆ ಉಪ್ಪು ಸೇರಿಸಿ ಉಜ್ಜುವುದು ಅವರ ಸಣ್ಣಂದಿನ ಅಭ್ಯಾಸ. ಹಲ್ಲು ಬೆಳ್ಳಗೆ ಕಾಣ್ತಿತ್ತು, ಆದರೆ ಮಸಿಯಲ್ಲಿರುವ ಗಟ್ಟಿ ಕಣ ಹಲ್ಲನ್ನೇ ತಿಂದು ಹಾಕಿತ್ತು. ಅದನ್ನು ಬಿಡಿಸಿ, ಮೆತ್ತಗಿನ ಬ್ರಷ್ ಕೊಟ್ಟು, ಬುಡದಲ್ಲಿ ಸವೆದ ಕಡೆ ಫಿಲ್ಲಿಂಗ್ ಮಾಡಿಸಿದ ಮೇಲೆ ಈಗ ಹಾಯಾಗಿದ್ದಾರೆ. ರೂಟ್ ಕೆನಾಲ್ ಬೇಕಾಗಲಿಲ್ಲ.

ದೇರಳಕಟ್ಟೆಯಿಂದ, ದಂತ ವೈದ್ಯಕೀಯ ವಿದ್ಯಾರ್ಥಿನಿ:
ಅಕ್ಕ, ಪೇಸ್ಟ್ ಬದಲಾಯಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ತಣ್ಣೀರು ತಾಗಿದ ಜುಂ ನೀರು ನುಂಗಿದ ಕೂಡಲೇ ನಿಲ್ತದಾ, ಅಲ್ಲ ಆಮೇಲೂ ಎಳೀತಾ ಇರ್ತದಾ? ಎಲ್ಲ ನಿಂತಿರುವುದು ಇದರ ಮೇಲೆ. ಕೂಡಲೇ ನಿಂತರೆ ಹೆಚ್ಚಾಗಿ ಹಲ್ಲಿನ ಹೊರಪದರ ಸವೆದದ್ದು ಅಥವಾ ಒಸಡು ಇಳಿದದ್ದು. ನಿಮಿಷಗಟ್ಟಲೆ ಎಳೆದರೆ, ಬಿಸಿಗೂ ನೋವಾದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಅದು ಒಳಗಿನ ನರದ ಬಾವು. ಅಂಥದ್ದಕ್ಕೆ ಯಾವ ಪೇಸ್ಟೂ ಸಾಲುದಿಲ್ಲ, ಬೇಗ ತೋರಿಸಬೇಕು. ಕಚ್ಚಿ ಬಿಡುವಾಗ ಮಾತ್ರ ಚುಳ್ ಅಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ಹುಳುಕು ನಮ್ಮ ಕಣ್ಣಿಗೆ ಕಾಣದ್ದರಿಂದ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಎರಡು ಹಲ್ಲಿನ ಸಂದಿಯದ್ದು ಎಕ್ಸ್‌ರೇಯಲ್ಲಿಯೇ ಗೊತ್ತಾಗುವುದು.

ಜುಂ ಯಾಕೆ ಆಗ್ತದೆ ಅಂದರೆ, ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಅದರ ಕೆಳಗಿನ ಡೆಂಟಿನ್ ಅನ್ನುವ ಪದರದಲ್ಲಿ ಕಣ್ಣಿಗೆ ಕಾಣದ ಸಪೂರ ಕೊಳವೆಗಳಿವೆ, ಒಳಗೆ ದ್ರವ ಉಂಟು. ಮೇಲಿನ ಹೊದಿಕೆ ಹೋಗಿ ಕೊಳವೆಯ ಬಾಯಿ ತೆರೆದುಕೊಂಡರೆ ತಂಪು, ಗಾಳಿ, ಸಿಹಿ ಯಾವುದು ತಾಗಿದರೂ ಆ ದ್ರವ ಅಲುಗಿ ನರವನ್ನು ಕೆಣಕುತ್ತದೆ. ಸ್ವೀಡನ್ನಿನ ದಂತ ಸಂಶೋಧಕ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಕೊಟ್ಟ ಈ ವಿವರಣೆಯನ್ನೇ ಇವತ್ತಿಗೂ ನಮಗೆ ಕಲಿಸುವುದು.

ಈಗ ಕನ್ನಡಿ ಮುಂದೆ ನಿಂತು ಎಡಬದಿಯ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳನ್ನು ನೋಡಿ. ಒಸಡು ಸೇರುವ ಬುಡದಲ್ಲಿ ಉಗುರನ್ನು ಮೆಲ್ಲ ಮೇಲಿಂದ ಕೆಳಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಅಲ್ಲಿ ಹಲ್ಲು ಸವೆದಿದೆ ಅಂತ ಲೆಕ್ಕ. ಬಲಗೈಯಲ್ಲಿ ಒತ್ತಿ ಉಜ್ಜುವವರಿಗೆ ಎಡಬದಿಯಲ್ಲೇ ಇದು ಜಾಸ್ತಿ.

ಪೇಸ್ಟ್ ವಿಷಯದಲ್ಲಿ ಒಂದು ವಾರ ಸಾಲದು. ಡಬ್ಬಿ ಮೇಲೆ ಪೊಟ್ಯಾಸಿಯಂ ನೈಟ್ರೇಟ್ 5% ಅಂತ ಇರುವುದು ನರವನ್ನು ನಿಧಾನಕ್ಕೆ ಸುಮ್ಮನಾಗಿಸುವಂಥದ್ದು, ದಿನಕ್ಕೆ 2 ಸಲ ಬಿಡದೆ ಉಜ್ಜಿದರೂ 2ರಿಂದ 4 ವಾರ ಬೇಕು. ಸ್ಟ್ಯಾನಸ್ ಫ್ಲೋರೈಡ್, ಆರ್ಜಿನಿನ್ ಇರುವವು ಕೊಳವೆಯ ಬಾಯಿಯನ್ನೇ ಮುಚ್ಚುತ್ತವೆ. ಉಜ್ಜಿದ ಮೇಲೆ ನೊರೆ ಉಗಿಯಿರಿ ಸಾಕು, ಗಳಗಳ ನೀರು ಹಾಕಿ ಮುಕ್ಕಳಿಸಿದರೆ ಮದ್ದೆಲ್ಲ ಬೇಸಿನ್ನಿಗೆ ಹೋಗ್ತದೆ. ಪುನರ್ಪುಳಿ, ಲಿಂಬೆ ಸೋಡ ಕುಡಿದ ಕೂಡಲೇ ಉಜ್ಜಬೇಡಿ. ಹುಳಿಗೆ ಎನಾಮಲ್ ಆಗಷ್ಟೇ ಮೆತ್ತಗಾಗಿರ್ತದೆ, ಅರ್ಧ ಗಂಟೆಯಾದರೂ ಬಿಡಿ. ಶರಬತ್ತನ್ನೇ ಬಿಡಬೇಕಂತ ಇಲ್ಲ, ಊಟದ ಜೊತೆ ಕುಡಿದು ಮುಗಿಸಿ. ಗುಟುಕು ಗುಟುಕಾಗಿ ಇಡೀ ಮಧ್ಯಾಹ್ನ ಎಳೆಯುವುದು ಕೆಟ್ಟದು. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸ್ತದೆ ಅಷ್ಟೇ. ಜಾಸ್ತಿ ಹಚ್ಚಿದರೆ ಒಸಡು ಸುಟ್ಟುಕೊಳ್ತದೆ, ಅಮ್ಮನಿಗೆ ಹೇಳಿ.

ಇದರಿಂದ ಆಗದಿದ್ದರೆ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ, ಗೀರು ಆಳ ಇದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಒಸಡು ತುಂಬಾ ಇಳಿದವರಿಗೆ ಅಂಗುಳಿನಿಂದ ಸ್ವಲ್ಪ ಮಾಂಸ ತೆಗೆದು ಒಸಡಿಗೆ ಕೂರಿಸುವುದೂ ಉಂಟು. ರೂಟ್ ಕೆನಾಲ್ ಎಲ್ಲಕ್ಕಿಂತ ಕೊನೆಗೆ.

ಮಲ್ಪೆಯಿಂದ:
ನಮ್ಮ ಮಾವನಿಗೆ ಸವೆತ ಇದ್ದದ್ದು ಮೇಲಿನ ಹಲ್ಲಿನ ಒಳಬದಿಗೆ, ನಾಲಗೆ ತಾಗುವ ಕಡೆ. ಬ್ರಷ್‌ನಿಂದ ಅಲ್ಲಿ ಹಾಗೆ ಸವೆಯುದಿಲ್ಲ ಅಂತ ಹೇಳಿ ಹಲ್ಲಿನ ಡಾಕ್ಟ್ರೇ ಹೊಟ್ಟೆ ಡಾಕ್ಟ್ರ ಹತ್ತಿರ ಕಳಿಸಿದ್ರು. ರಾತ್ರಿ ಹುಳಿತೇಗು ಬಂದು ಬಾಯಿಗೆ ಆ್ಯಸಿಡ್ ಏರುತ್ತಿತ್ತಂತೆ. ನಿಮಗೆ ಎದೆ ಉರಿ ಇದ್ದರೆ ಅದನ್ನೂ ಹೇಳಿ.

ಬಿಜೈಯಿಂದ:
ಖರ್ಚಿಗೆ ಹೆದರಿ ಮುಂದೂಡಬೇಡಿ ಮಾರಾಯ್ರೆ. ನಮ್ಮ ಊರಿನಲ್ಲಿ ದಂತ ಕಾಲೇಜಿಗೆ ಬರ ಇಲ್ಲ. ನಿಮಗೆ ಮಣಿಪಾಲದ್ದು ಹತ್ತಿರ, 1965ರಿಂದ ಉಂಟು. ಮಂಗಳೂರಿನವರಿಗೆ ಲೈಟ್‌ಹೌಸ್ ಹಿಲ್ ರಸ್ತೆಯದ್ದು, ದೇರಳಕಟ್ಟೆಯ ಎ.ಬಿ. ಶೆಟ್ಟಿ, ಯೆನೆಪೋಯ. ವಿದ್ಯಾರ್ಥಿಗಳು ಮಾಡಿದ್ದನ್ನು ಪ್ರೊಫೆಸರ್ ಬಂದು ನೋಡ್ತಾರೆ. ಹೊರಗಿನ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಡಿಮೆಗೆ ಆಗ್ತದೆ, ಹೊತ್ತು ಮಾತ್ರ ಜಾಸ್ತಿ ಬೇಕು. ಕ್ಲೀನಿಂಗ್ ಮಾಡಿಸಿದ ಮೇಲೆ ಕೆಲವು ದಿನ ಜುಂ ಜಾಸ್ತಿಯಾದರೆ ಗಾಬರಿ ಬೇಡ. ಕಿಟ್ಟದಡಿ ಮುಚ್ಚಿಹೋಗಿದ್ದ ಬೇರು ತೆರೆದುಕೊಂಡದ್ದು, ತನ್ನಷ್ಟಕ್ಕೆ ಇಳೀತದೆ.

ಕುಂಜಿಬೆಟ್ಟು, ಉಡುಪಿ:
ಎಲ್ಲರಿಗೂ ತುಂಬಾ ಉಪಕಾರ. ನೀರು ನುಂಗಿದ ಕೂಡಲೇ ನಿಲ್ತದೆ. ಕೋರೆಹಲ್ಲಿನ ಬುಡದಲ್ಲಿ ಉಗುರು ಸಿಕ್ಕುತ್ತದೆ! ಶನಿವಾರ ಮಣಿಪಾಲಕ್ಕೆ ಹೋಗ್ತೇನೆ. ಅಲ್ಲಿವರೆಗೆ ಉಪ್ಪುನೀರು ಮುಕ್ಕಳಿಸಬಹುದಾ?

ದೇರಳಕಟ್ಟೆಯಿಂದ:
ಧಾರಾಳ ಮುಕ್ಕಳಿಸಿ ಅಕ್ಕ, ಉಗುರುಬೆಚ್ಚಗಿರಲಿ. ಆದರೆ ಹೋಗುವ ದಿನ ನೋವಿನ ಮಾತ್ರೆ ನುಂಗಬೇಡಿ. ಪಕ್ಕದ ಹಲ್ಲನ್ನು ಬೆರಳಿನಿಂದ ಮುಚ್ಚಿ ಒಂದೊಂದಕ್ಕೇ ಗಾಳಿ ಬಿಟ್ಟು ನೋಡ್ತಾರೆ, ಮಾತ್ರೆ ತಗೊಂಡಿದ್ದರೆ ಯಾವ ಹಲ್ಲಂತ ಸರಿಯಾಗಿ ಗೊತ್ತಾಗದೆ ಹೋಗಬಹುದು.