ನೀರಿನೊಳಗೆ ಕಾಲು ಜೋತುಬೀಳ್ತಿದೆ, ಸೀಸ ಎಲ್ಲಿ ಕಟ್ಟಲಿ?

ಕೇಳಿದವರು, ಬೆಂಗಳೂರು

ಸ್ಕೂಬಾ ಓಪನ್ ವಾಟರ್ ಕೋರ್ಸ್ ಮುಗಿಸಿದೀನಿ. ಈಜುಕೊಳದ ಪಾಠ ಬೆಂಗಳೂರಲ್ಲಿ, ಸಮುದ್ರದ ಡೈವ್ ಮುರ್ಡೇಶ್ವರ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ನನ್ನ ತೂಕ 76 ಕಿಲೋ. 3 ಮಿ.ಮೀ. ವೆಟ್‌ಸೂಟ್, ಬಾಡಿಗೆ ಬಿಸಿಡಿ ಜಾಕೆಟ್ (ಗಾಳಿ ತುಂಬಿ, ಬಿಟ್ಟು ತೇಲೋದನ್ನ ಹದ ಮಾಡೋದು), ಅಲ್ಯೂಮಿನಿಯಂ ಸಿಲಿಂಡರ್, ಮುಳುಗೋಕೆ ಅಂತ ಸೊಂಟದ ಬೆಲ್ಟಿನಲ್ಲಿ 8 ಕಿಲೋ ಸೀಸದ ತೂಕ. ಅಡ್ಡಡ್ಡ ಮಲಗಿ ಈಜೋಣ ಅಂದ್ರೆ ಕಾಲು ಕೆಳಕ್ಕೆ ಜಾರುತ್ತೆ. ಮರಳು ಕೆದಕ್ಕೊಂಡು ಹೋಗ್ತೀನಿ, ಗಾಳಿಯೂ ಎಲ್ಲರಿಗಿಂತ ಮೊದಲೇ ಮುಗಿಯುತ್ತೆ. ಮುಂದಿನ ತಿಂಗಳು ಡೈವ್‌ಗೆ ಅಂಡಮಾನಿನ ಹ್ಯಾವ್‌ಲಾಕ್‌ಗೆ (ಈಗಿನ ಹೆಸರು ಸ್ವರಾಜ್ ದ್ವೀಪ) ಹೊರಟಿದೀನಿ. ಸೀಸ ಎಲ್ಲೆಲ್ಲಿ ಹಂಚಿ ಕಟ್ಟಬೇಕು? ಅನುಭವ ಇದ್ದವರು ಹೇಳಿ.

ಮಂಗಳೂರಿನಿಂದ

ಎಲ್ಲಿ ಕಟ್ಟೋದು ಅಂತ ಆಮೇಲೆ ನೋಡುವ ಮಾರಾಯ್ರೆ, ಮೊದಲು 8 ಕಿಲೋ ಯಾಕೆ ಬೇಕಾಯ್ತು ಹೇಳಿ. ಸೀಸ ಜಾಸ್ತಿ ಆದಷ್ಟೂ ಮುಳುಗದೆ ಇರಲಿಕ್ಕೆ ಜಾಕೆಟಿಗೆ ಗಾಳಿ ತುಂಬಬೇಕಾಗುತ್ತದೆ. ಆ ಗಾಳಿ ಹೋಗಿ ಹೆಗಲ ಹತ್ತಿರ ಸೇರಿಕೊಳ್ಳುತ್ತದೆ, ಸೀಸ ಸೊಂಟದಲ್ಲಿ. ಅದು ಮೇಲಕ್ಕೆಳೆಯುತ್ತದೆ, ಇದು ಕೆಳಕ್ಕೆ. ನೀವು ನೆಟ್ಟಗೆ ನಿಲ್ಲದೆ ಇನ್ನೇನು ಮಾಡ್ತೀರಿ? ನಿಮ್ಮ ಮೈಕಟ್ಟು, ನಿಮ್ಮ ಸಾಮಾನಿಗೆ 5ರ ಆಸುಪಾಸು ಸಾಕಾಗಬೇಕು ಅಂತ ನನ್ನ ಅಂದಾಜು.

ಪರೀಕ್ಷೆ ಸುಲಭ. ಡೈವ್ ಕೊನೆಗೆ ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, ಮೇಲೆ ಬರುವ ಮುಂಚೆ 5 ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಸೇಫ್ಟಿ ಸ್ಟಾಪಿನಲ್ಲಿ ಜಾಕೆಟಿನ ಗಾಳಿಯನ್ನೆಲ್ಲ ಬಿಡಿ. ಎಂದಿನ ಹಾಗೆ ಉಸಿರಾಡಿ. ಇದ್ದಲ್ಲೇ ಇದ್ದರೆ ಸೀಸ ಸರಿ ಇದೆ. ಕೆಳಗೆ ಇಳಿದರೆ ಮುಂದಿನ ಡೈವಿಗೆ 1 ಕಿಲೋ ತೆಗೆಯಿರಿ.

ಮುರ್ಡೇಶ್ವರ ಕಡೆಯ ಡೈವ್ ಮಾಸ್ಟರ್

ಮೇಲಿನವರು ಹೇಳಿದ್ದು ಖರೆ. ಹೊಸಬರು ಎದೆ ತುಂಬ ಉಸಿರು ಹಿಡಿದು ಬುಡ್ಡನೆ ಮೇಲೆ ಬಂದುಬಿಡ್ತಾರೆ ಅಂತ ದೋಣಿಯಲ್ಲಿ ನಾವೇ ಒಂದೆರಡು ಕಿಲೋ ಹೆಚ್ಚಿಗೆ ಹಾಕೋದುಂಟು. ಉಸಿರು ಹದಕ್ಕೆ ಬಂದ ಮೇಲೆ ಅದು ಬೇಕಾಗೋದಿಲ್ಲ.

ಆದರೆ ಈಜುಕೊಳದ ಲೆಕ್ಕ ಹಿಡಿದು ಕಮ್ಮಿ ಮಾಡಬೇಡಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ. ನೀವೂ ಸಾಮಾನೂ ಸೇರಿ 100 ಕಿಲೋ ಅಂದ್ರೆ ಇಲ್ಲಿ ಸುಮಾರು ಎರಡೂವರೆ ಕಿಲೋ ಸೀಸ ಹೆಚ್ಚು ಬೇಕು. ಇನ್ನೊಂದು, 11 ಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿಸಿದರೆ ಒಳಗಿನ ಗಾಳಿಯೇ ಎರಡೂವರೆ ಕಿಲೋ ಮೇಲೆ ತೂಗ್ತದೆ. ಮೇಲೆ ಬರೋ ಹೊತ್ತಿಗೆ ಹತ್ತಿರ ಎರಡು ಕಿಲೋ ಹಗುರ ಆಗಿರ್ತೀರಿ. ಇಳಿಯುವಾಗ ಸ್ವಲ್ಪ ಭಾರ ಅನಿಸಿದರೆ ಅದು ಹಾಗೇ ಇರಬೇಕು.

ಪುದುಚೇರಿಯಲ್ಲಿರುವ ಕನ್ನಡಿಗ

ಸೀಸ ಕಮ್ಮಿ ಮಾಡಿದ ಮೇಲೂ ಕಾಲು ಜಾರಿದರೆ ಆಗ ಜಾಗ ಬದಲಿಸೋದು. ತೂಗುಕೋಲು ನೋಡಿದ್ದೀರಲ್ಲ, ಗುಂಡು ಎಷ್ಟು ಭಾರ ಅನ್ನೋದರಷ್ಟೇ ಎಲ್ಲಿ ತೂಗ್ತಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಶ್ವಾಸಕೋಶ ಇರೋದು ಎದೆಯಲ್ಲಿ, ತೇಲೋ ಭಾಗ ಅದು. ಸೀಸವೆಲ್ಲ ಸೊಂಟದಲ್ಲಿದ್ದರೆ ಕಾಲಿನ ಕಡೆ ಇಳಿಯಲೇಬೇಕು. 5 ಕಿಲೋದಲ್ಲಿ 3 ಬೆಲ್ಟಿನಲ್ಲೇ ಇರಲಿ. ಉಳಿದ 2 ಕಿಲೋವನ್ನು ಸಿಲಿಂಡರ್ ಬಿಗಿಯುವ ಪಟ್ಟಿಯಲ್ಲಿ, ಹೆಗಲ ಮಟ್ಟಕ್ಕೆ, ಎಡಕ್ಕೊಂದು ಬಲಕ್ಕೊಂದು ಕಿಲೋ ಪೋಣಿಸಿ. ಒಂದೇ ಬದಿಗೆ ಹಾಕಿದರೆ ಮಗ್ಗುಲಿಗೆ ಹೊರಳ್ತಾ ಇರ್ತೀರಿ.

ಕಟ್ಟೋ ಮುಂಚೆ ಭಂಗಿ ನೋಡ್ಕೊಳ್ಳಿ. ಮರಳಿನಿಂದ ಒಂದು ಮೀಟರ್ ಮೇಲೆ ಕೈ ಮುಂದಕ್ಕೆ ಚಾಚಿ, ಮೊಣಕಾಲು ಮಡಚಿ, ತೊಡೆ ಕೆಳಗಿಳಿಯದ ಹಾಗೆ ಹಿಡಿದು, ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ಆಡಿಸದೆ ಸುಮ್ಮನಿರಿ. ಯಾವ ಕಡೆ ಇಳಿಯುತ್ತೋ ಜೊತೆಗಾರ ನೋಡಿ ಹೇಳಲಿ. ಕಾಲು ಆಡಿಸ್ತಾ ಇದ್ದರೆ ಏನೂ ಗೊತ್ತಾಗಲ್ಲ. ನಿಮ್ಮ ಗಾಳಿ ಬೇಗ ಮುಗಿಯೋದಕ್ಕೂ ಅದೇ ಕಾರಣ ಇರಬಹುದು, ಕಾಲು ಎತ್ತಿ ಹಿಡಿಯೋಕೆ ಬಡಿತಾನೇ ಇರಬೇಕಲ್ಲ.

ಮುರ್ಡೇಶ್ವರ ಕಡೆಯ ಡೈವ್ ಮಾಸ್ಟರ್

ಪಟ್ಟಿಗೆ ಪೋಣಿಸಿದ ಸೀಸ ಆಪತ್ತಿಗೆ ಬಿಚ್ಚಿ ಎಸೆಯೋಕೆ ಬರೋದಿಲ್ಲ. ನೀರ ಮೇಲೆ ಬಂದು ತೇಲೋಕೆ ಆಗದಿದ್ದರೆ ಬೆಲ್ಟ್ ಬಿಚ್ಚೋದೇ ದಾರಿ. ಅದಕ್ಕೇ ಬಹುಪಾಲು ಬೆಲ್ಟಿನಲ್ಲೇ ಇರಬೇಕು. ಟ್ರಿಮ್, ಅಂದ್ರೆ ಅಡ್ಡಡ್ಡ ಸಮವಾಗಿ ಮಲಗೋ ಭಂಗಿ, ಅದರ ಆಸೆಗೆ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಬಂದರೆ ನಾನಂತೂ ದೋಣಿಯಿಂದ ಇಳಿಸೋದಿಲ್ಲ.

ಮೈಸೂರಿನಿಂದ

ನನ್ನದು ಉಲ್ಟಾ ಕೇಸು. ಕಾಲು ಮೇಲೆದ್ದು ತಲೆ ಕೆಳಗಾಗೋದು. ಪ್ಲಾಸ್ಟಿಕ್ ಫಿನ್ ಬಿಟ್ಟು ಭಾರದ ರಬ್ಬರ್ ಫಿನ್ ಹಾಕಿದೆ, ಅರ್ಧ ಸಮಸ್ಯೆ ಅಲ್ಲಿಗೇ ಹೋಯ್ತು. ಕಣಕಾಲಿಗೆ ಕಟ್ಟೋ ತೂಕದ ಪಟ್ಟಿಯೂ ಸಿಗುತ್ತೆ, ನನಗೆ ಹಿಡಿಸಲಿಲ್ಲ. ಒಂದೊಂದು ಒದೆತಕ್ಕೂ ಅದನ್ನ ಎತ್ತಿ ಇಳಿಸಬೇಕು. ಕಾಲು ಜಾರೋ ನೀವು ಬಾಡಿಗೆ ಫಿನ್ ತಗೊಳ್ಳುವಾಗ ಹಗುರದ್ದನ್ನೇ ಕೇಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬಾಡಿಗೆ ಜಾಕೆಟಿಗೆ ಒಂದೇ ಪಟ್ಟಿ ಇರುತ್ತೆ, ಅದೂ ನಡುಬೆನ್ನಿಗೆ. ಸೀಸ ಬಿಟ್ಟು ಸಿಲಿಂಡರನ್ನೇ ಸ್ವಲ್ಪ ಮೇಲಕ್ಕೆ ಕಟ್ಟಿದರೆ ಸಾಕಾ?

ಪುದುಚೇರಿಯಲ್ಲಿರುವ ಕನ್ನಡಿಗ

ಬಹಳ ಜನ ಅದನ್ನೇ ಹೇಳ್ತಾರೆ, ಲೆಕ್ಕ ಹಾಕಿ ನೋಡಿ. ಅಲ್ಯೂಮಿನಿಯಂ ಸಿಲಿಂಡರ್ ದೋಣಿಯಲ್ಲಿ ಎಷ್ಟೇ ಭಾರ ಇದ್ದರೂ ನೀರೊಳಗೆ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನ ಬಾಯಿಗೆ ಕೊಡೋ ಸಾಧನ) ಸೇರಿ ಒಂದೂವರೆ, ಎರಡು ಕಿಲೋ ತೂಗಿದರೆ ಹೆಚ್ಚು. ಅದನ್ನ 5 ಸೆಂ.ಮೀ. ಸರಿಸೋದಕ್ಕಿಂತ 1 ಕಿಲೋ ಸೀಸವನ್ನ ಸೊಂಟದಿಂದ ಹೆಗಲಿಗೆ, ಅಂದ್ರೆ 40 ಸೆಂ.ಮೀ. ಒಯ್ದರೆ ನಾಲ್ಕೈದು ಪಟ್ಟು ಪರಿಣಾಮ. ಉಕ್ಕಿನ ಸಿಲಿಂಡರ್ ಆದರೆ ಮಾತು ಬೇರೆ. ತೀರಾ ಮೇಲೆ ಕಟ್ಟಿದರೆ ತಲೆ ಎತ್ತಿದಾಗೆಲ್ಲ ರೆಗ್ಯುಲೇಟರಿಗೆ ಬುರುಡೆ ಬಡಿಯುತ್ತೆ, ಅದು ಬೇರೆ ಕಿರಿಕಿರಿ.

ಇನ್ನೊಂದು ಗಮನಿಸಿ: ಗಾಳಿ ಖಾಲಿಯಾಗ್ತಾ ಅಲ್ಯೂಮಿನಿಯಂ ಸಿಲಿಂಡರಿನ ತಳ ಮೇಲೇಳೋಕೆ ಶುರುವಾಗುತ್ತೆ. ಡೈವ್ ಶುರುವಿನಲ್ಲಿ ಕಾಲು ತುಸು ಇಳಿದಿದ್ದರೆ ಕೊನೆಗೆ ತಾನಾಗಿ ಸಮ ಆಗಬಹುದು. ಹಾಗಾಗಿ ಎರಡು ಹೊತ್ತಲ್ಲೂ ನೋಡಿ ನಿರ್ಧಾರ ಮಾಡಿ.

ಒಂದು ಹೆಚ್ಚುವರಿ ಸಿಲಿಂಡರ್ ಪಟ್ಟಿ, ಒಂದು ಜೊತೆ ಟ್ರಿಮ್ ಪೌಚ್ (ಸೀಸ ಹಾಕೋ ಸಣ್ಣ ಚೀಲ) ಕೊಂಡು ಬ್ಯಾಗಿಗೆ ಹಾಕ್ಕೊಳ್ಳಿ, ಯಾವ ಜಾಕೆಟಿಗಾದರೂ ಹೆಗಲ ಮಟ್ಟಕ್ಕೆ ಬಿಗಿಯಬಹುದು. ಸೀಸ ಹೊತ್ಕೊಂಡು ವಿಮಾನ ಹತ್ತಬೇಡಿ, ದೋಣಿಯಲ್ಲೇ ಬೇಕಾದಷ್ಟು ಬಿದ್ದಿರುತ್ತೆ.